ಹಸಿದ ಕೌದಿ

ಒಂದು ಊರಿತ್ತಂತೆ. ಆ ಊರು ಇನ್ನೂ ಹುಟ್ಟಿರಲಿಲ್ಲವಂತೆ. ಹುಟ್ಟದ ಊರಿಗೂ ಒಬ್ಬಳು ರಾಣಿ ಇದ್ದಳು. ಅವಳು ಕತ್ತಲೆಯಲ್ಲಿ ನೂಲುಗಾರರನ್ನು ಸಾಲಾಗಿ ಕೂರಿಸಿ, "ನೂಲು ಬಿಡಿರಿ" ಎಂದಳು. ಬಿಟ್ಟ ನೂಲು ತಡವರಿಸುತ್ತ, ಅಲ್ಲಿ ಇಲ್ಲಿ ಮೂಸುತ್ತ ಹರಿದು ಹೋಗಿ, ದೂರದ ಯಾವುದಾದರೂ ಮನೆಯ ಬಾಗಿಲು ತಟ್ಟಬೇಕು. ತಟ್ಟಿದರೆ ಒಳಗಿದ್ದ ಅವ್ವ ಹೊರಗೆ ಬಂದು ನೂಲಿನ ತುದಿಗೆ ಒಂದು ಹಿಡಿ ಅಕ್ಕಿ ಕಟ್ಟುವಳು. ಆ ಅಕ್ಕಿ ನೂಲಿನಗುಂಟ ಹಿಂದಕ್ಕೆ ಸಾಗಿ ಬಂದರೆ ನೂಲುಗಾರ ಉಂಡು ಬದುಕುವನು. ಆದರೆ ಮನೆಗಳು ಕಡಿಮೆ, ನೂಲುಗಾರರು ಹೆಚ್ಚು. ಬಾಗಿಲು ಸಿಗದವನು ಸದ್ದಿಲ್ಲದೆ ಅಲ್ಲೇ ಮಲಗಿಬಿಡುವನು. ಅವನಿಗಾಗಿ ಯಾರೂ ಅಳುತ್ತಿರಲಿಲ್ಲವಂತೆ. ಉಂಡವರ ನೂಲುಗಳಿಂದಲೇ ಊರು ತನ್ನನ್ನು ತಾನು ನೇಯ್ದುಕೊಂಡಿತಂತೆ.

"ಯಾವ ಅಕ್ಕಿ?" ಎಂದಳು ಅಜ್ಜಿ.

"ಅಂದ್ರ?"

"ಕತಿ ಹೇಳೂದಿದ್ರ ನೆಟ್ಟಗ ಹೇಳು. ಗದ್ದಿ ಅಕ್ಕಿಯೋ ರೇಶನ್ ಅಕ್ಕಿಯೋ? ರೇಶನ್ ಅಕ್ಕಿ ಕಟ್ಟಿದ್ಲಂದ್ರ ಆ ನೂಲುಗಾರ ಉಂಡೂ ಸತ್ತಿರ್ತಾನ."

"ಗದ್ದಿ ಅಕ್ಕಿ."

"ಹಾಂ, ಈಗ ಮುಂದ ಹೇಳು."

ಇದು ಅಜ್ಜಿ ನನಗೆ ಹೇಳಿದ ಕತೆಯಲ್ಲ. ನಾನು ಅವಳಿಗಾಗಿ ಕಟ್ಟಿದ್ದು. ನನ್ನ ಬಾಲ್ಯವೆಲ್ಲ ಅವಳ ಕತೆಗಳ ಕೆಳಗೆ ಮಲಗಿ ಕಳೆದದ್ದು. ಕಾಳಿ ಹೊಳೆಯ ಮೊಸಳೆ ತನ್ನ ಹಲ್ಲನ್ನು ಕಡ ಕೊಟ್ಟು ಬಾಯಿ ಮುಚ್ಚಲಾಗದೆ ಕೂತದ್ದು, ಮಂಗಟ್ಟೆ ಹಕ್ಕಿ ತನ್ನ ಹೆಂಡತಿಯನ್ನು ಮರದ ಪೊಟರೆಯಲ್ಲಿ ಮಣ್ಣಿನಿಂದ ಮುಚ್ಚಿ, ಸಣ್ಣ ಸೀಳಿನಿಂದ ಹಣ್ಣು ತಿನ್ನಿಸುತ್ತ ತಾನೇ ಬಡಕಲಾದದ್ದು. ಈಗ ನಾನು ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತೇನೆ. "ಅಲ್ಲಿ ನೀ ಏನ ಮಾಡ್ತಿ?" ಎಂದು ಅಜ್ಜಿ ಕೇಳಿದಾಗ ಕತೆಯೊಂದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಭಾಷೆ ಇರಲಿಲ್ಲ. ಹುಟ್ಟದ ಊರೆಂದರೆ ಬಸುರಿನೊಳಗಿನ ಕೂಸಿನ ಮಿದುಳು, ನೂಲುಗಾರರೆಂದರೆ ಅದರ ನರಕೋಶಗಳು. ಅವ್ವ ಕಟ್ಟುವ ಅಕ್ಕಿ ಎಂದರೆ ನರಪೋಷಕ. ಕೋಶ ಬೆಳೆಯಲು, ಕೊಂಬೆ ಬಿಡಲು, ಮುಖ್ಯವಾಗಿ ಸಾಯದೆ ಇರಲು ಬೇಕಾದ ಪ್ರೋಟೀನು.

ಕತೆ ಕೇಳುವಾಗ ಅವಳ ತೊಡೆಯ ಮೇಲೆ ಕೌದಿ ಇತ್ತು. ನನ್ನ ಅಕ್ಕ ರೆಜಿನಾ ಬಸುರಾಗಿದ್ದಳು, ಚೊಚ್ಚಲು. ದಾಂಡೇಲಿಯಿಂದ ತವರಿಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದ ಒಂದೊಂದು ಕೂಸಿಗೂ ಅಜ್ಜಿ ಮಾರ್ಗರೀಟಾಳ ಕೈಯ ಕೌದಿ ಆಗಿದೆ. ಅಪ್ಪನಿಗೆ ಆಗಿತ್ತು, ನಮಗೆ ಆಗಿತ್ತು. ಮುಂಡಗೋಡದ ಕಾಡಂಚಿನ ನಮ್ಮ ಸಿದ್ದಿ ಕೇರಿಯಲ್ಲಿ ಕೌದಿ ಹೊಲಿಯದ ಹೆಂಗಸಿಲ್ಲ. ಆದರೆ ಅಜ್ಜಿ ಸೂಜಿಯಿಂದ ಹಾಕಿದ ಟಾಕಿ ದೂರದಿಂದಲೇ ಗುರುತು ಸಿಗುತ್ತಿತ್ತು. ಇರುವೆ ಸಾಲಿನಂತೆ ಸಣ್ಣದು, ಎಲ್ಲಿಯೂ ಸಾಲು ತಪ್ಪದ್ದು.

ಈ ಕೌದಿಯಲ್ಲಿ ಏನೇನಿತ್ತು! ಕುಳಗಿಯ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಜೀಪು ಓಡಿಸುವ ಅಪ್ಪ ಜೇವಿಯರ್‌ನ ಹಳೆಯ ಖಾಕಿ, ಟಿಬೆಟಿಯನ್ ಕ್ಯಾಂಪಿನ ದರ್ಜಿ ಕೊಟ್ಟ ಲಾಮಾಗಳ ಕೆಂಗಂದು ಬಟ್ಟೆಯ ಚೂರು, ನಾನು ಬಂಗೂರನಗರದ ಕಾಲೇಜಿಗೆ ಹೋಗುವಾಗಿನ ನೀಲಿ ಚೂಡಿಯ ತೋಳು. ಅಂಚಿನಿಂದ ಶುರುವಾಗಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರಬೇಕು. ನಡುವಿನಲ್ಲಿ ಒಂದು ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿ, ಮೇಲೆ ಕೊನೆಯ ತುಂಡು ಇಟ್ಟು ಹೊಲಿದರೆ ಕೌದಿ ಉಂಡಂತೆ. ಉಣ್ಣದ ಕೌದಿ ಹಸಿದಿರುತ್ತದೆ. ಹಸಿದದ್ದು ಕೂಸಿನ ನಿದ್ದೆಯನ್ನೇ ತಿನ್ನುತ್ತದೆ ಎನ್ನುತ್ತಿದ್ದಳು ಅಜ್ಜಿ. ಮತ್ತೆ, ಅಂಚು ಹಿಡಿದ ಕೈಯೇ ಹೊಟ್ಟೆ ಮುಚ್ಚಬೇಕು. ಬೇರೆಯವರು ಸೂಜಿಗೆ ದಾರ ಪೋಣಿಸಿ ಕೊಡಬಹುದು, ಅಷ್ಟೇ.

ಇನ್ನೊಂದು ಕಟ್ಟಳೆಯನ್ನು ನಾನು ಪೆಟ್ಟು ತಿಂದು ಕಲಿತಿದ್ದೆ. ಸಣ್ಣವಳಿದ್ದಾಗ, ನೆರೆಮನೆಯ ಕೂಸು ನಮ್ಮ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿತ್ತು. ಅಂಚು ಬಿಚ್ಚಿದ್ದು ಕಂಡು ನಾನು ಜಾಣತನ ತೋರಿಸಲು ಸೂಜಿ ಹಿಡಿದು ಕೂತೆ. ಅಜ್ಜಿ ಎಲ್ಲಿಂದ ಹಾರಿ ಬಂದಳೋ, ಮುಂಗೈ ಮೇಲೆ ಫಟ್ಟನೆ ಬಿತ್ತು. "ಕೂಸು ಮಲಗಿದ ಕೌದಿಗೆ ಸೂಜಿ ತಾಗಸ್ತಾರೇನ? ಬಾಯಿ ಮುಚ್ಚಿಕೊಂಡು ಆಚೆ ಹೋಗು." ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ.

ಅಜ್ಜಿಯ ಮರೆವು ಮೊದಮೊದಲು ನಗೆಯ ಮಾತಾಗಿತ್ತು. ಸಾರಿಗೆ ಉಪ್ಪು ಹಾಕಿ, ಮತ್ತೆ ಹಾಕಿ, "ಈ ಸೊಸಿ ನನ್ನ ಉಪ್ಪಿನಾಗ ಹೂಳತಾಳ" ಎಂದು ಅವ್ವನ ಮೇಲೆಯೇ ಹೇರುತ್ತಿದ್ದಳು. ಆಮೇಲೆ ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ ನಿಂತುಬಿಟ್ಟಳು. ತನ್ನದೇ ಕೇರಿಯ ಬಾಯಿಗೆ ನಿಂತು, ಎತ್ತ ಹೋಗಬೇಕೆಂದು ತಿಳಿಯದೆ, ಸೆರಗಿನ ತುದಿ ತಿರುವುತ್ತ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಅಲ್ಝೈಮರ್ ಎಂದರು. ಆ ಹೆಸರನ್ನು ನಾನು ದಿನಾ ಓದುತ್ತಿದ್ದೆ, ದಿನಾ ಬರೆಯುತ್ತಿದ್ದೆ. ಅಂದು ಮಾತ್ರ ಮೊದಲ ಸಲ ಕೇಳಿದಂತಾಯಿತು.

ವಾಪಸು ಬರುವಾಗ ಬಸ್ಸು ತಡಸ ದಾಟಿತ್ತು. ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿದ್ದವಳು ತಟ್ಟನೆ ಕೇಳಿದಳು.

"ನನ್ನ ತಲ್ಯಾಗಿನ ನೂಲುಗಾರರು ಮಲಗಾಕತ್ತಾರೇನ?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಹೌದಜ್ಜಿ."

"ಎಲ್ಲಾರೂ ಮಲಗ್ತಾರ?"

"ಒಮ್ಮೆಲೇ ಅಲ್ಲ. ಒಬ್ಬೊಬ್ಬರೇ."

ಅವಳು ನನ್ನ ಕೈ ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟಳು. "ಹಂಗಾರ ಕೇಳು. ರೆಜಿನಾನ ಕೂಸಿನ ಕೌದಿ ಹೊಟ್ಟಿ ನನ್ನ ಕೈಲೇ ಮುಚ್ಚಸಬೇಕು. ನಾ ನಿನ್ನ ಮರೀತೇನಿ, ಇರಲಿ. ಕೌದಿ ಮರೀತೇನಿ, ಆಗಲೂ ನನ್ನ ಕೈಲೇ ಮುಚ್ಚಸು. ಆ ಕೂಸು ದೊಡ್ಡದಾಗೂದರಾಗ ನಾ ಇರಂಗಿಲ್ಲ. ಇದ್ರೂ ಇಲ್ಲದಂಗ ಇರ್ತೇನಿ. ಒಬ್ಬಾಕಿ ಮಾರ್ಗರೀಟಾ ಇದ್ಲು, ನನ್ನ ಉಣಿಸಿ ಮಲಗಿಸಿದ್ಲು ಅಂತ ಅದಕ್ಕ ಹೆಂಗ ಗೊತ್ತಾಗಬೇಕು?"

"ಆತಜ್ಜಿ."

"ಬರೇ ಆತು ಅಂದ್ರ ನಡೆಯಂಗಿಲ್ಲ. ಮಾತು ಕೊಡು."

ಬಸ್ಸಿನಲ್ಲಿ ಎಲ್ಲರೂ ನೋಡುವಂತೆ ಅವಳ ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟೆ.

ಧಾರವಾಡದಲ್ಲಿ ನಮ್ಮ ಕೆಲಸ ಗಾಜಿನ ತಟ್ಟೆಗಳಲ್ಲಿ ನಡೆಯುತ್ತದೆ. ಇಲಿಮರಿಯ ಮಿದುಳಿನಿಂದ ತೆಗೆದ ಕೋಶಗಳನ್ನು ಬಿತ್ತುತ್ತೇವೆ. ಒಂದು ಸಾಲಿಗೆ ನರಪೋಷಕ ಹಾಕುತ್ತೇವೆ, ಪಕ್ಕದ ಸಾಲಿಗೆ ಹಾಕುವುದಿಲ್ಲ. ಉಂಡ ಸಾಲಿನ ಕೋಶಗಳು ಕೊಂಬೆ ಬಿಟ್ಟು ಒಂದನ್ನೊಂದು ಮುಟ್ಟಿ ಕಾಡಾಗುತ್ತವೆ. ಉಣ್ಣದ ಸಾಲಿನವು ಬಿಟ್ಟ ನೂಲನ್ನು ಹಿಂದಕ್ಕೆಳೆದುಕೊಳ್ಳುತ್ತವೆ. ನೂಲು ಮಣಿಮಣಿಯಾಗಿ ತುಂಡಾಗುತ್ತದೆ. ಮೊದಲೆಲ್ಲ ಅದನ್ನು ನೋಡಿ ಬರೆದುಕೊಂಡು ಮುಂದಿನ ತಟ್ಟೆಗೆ ಹೋಗುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ಮೇಲೆ ಉಣ್ಣದ ಸಾಲನ್ನು ನೋಡುವಾಗ ಕೇರಿಯ ಬಾಯಿಗೆ ನಿಂತು ಸೆರಗು ತಿರುವುವ ಮುದುಕಿ ಕಾಣತೊಡಗಿದಳು.

"ನಿಮ್ಮಲ್ಲಿ ಆ ತಲಿಗೆ ಉಣಿಸೂ ಔಷಧ ಫ್ರಿಜ್ಜಿನಾಗ ಇಟ್ಟಾರಂತಲ್ಲ," ಎಂದಿದ್ದಳು ಅವ್ವ ಫೋನಿನಲ್ಲಿ. "ಒಂದೀಟು ತರಾಕ ಆಗಂಗಿಲ್ಲೇನ? ನಾ ಯಾರಿಗೂ ಹೇಳಂಗಿಲ್ಲ."

ಅವ್ವನ ಮಾತಿಗೆ ನಕ್ಕುಬಿಟ್ಟೆ. ಆದರೆ ಮರುದಿನ ಅದನ್ನೇ, ಸ್ವಲ್ಪ ಓದಿದವರ ಮಾತಿನಲ್ಲಿ ಸುತ್ತಿ, ದ್ರಾಕ್ಷಾಯಣಿ ಮೇಡಂ ಮುಂದೆ ಇಟ್ಟೆ. ಅವರು ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥೆ. ಹಳಿಯಾಳದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗಳು. ಎಷ್ಟು ದೊಡ್ಡ ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ಬಂದರೂ ನಮ್ಮ ಜೊತೆ ಊರ ಮಾತೇ.

"ಕೂಡ್ರು ಜುಲಿ," ಎಂದರು. "ಆ ಪ್ರೋಟೀನು ದೊಡ್ಡದು. ರಕ್ತದಿಂದ ಮಿದುಳಿಗೆ ಹೋಗೂ ಬಾಗಲ ಬಿಗಿ. ಸೂಜಿಲೆ ಕೈಗೆ ಚುಚ್ಚಿದ್ರ ಒಳಗ ಹೋಗಂಗಿಲ್ಲ. ತಲಿ ಬುರುಡಿ ತೂತು ಮಾಡಿ ಒಳಗ ಬಿಟ್ಟು ನೋಡ್ಯಾರ. ಪಾಪ, ಮಂದಿಗೆ ನೋವಾತು, ತೂಕ ಇಳೀತು, ನಿಲ್ಲಿಸಿದ್ರು. ಆಮ್ಯಾಲ ಮಿದುಳೇ ಅದನ್ನ ತಯಾರಿಸೋ ಹಂಗ ಜೀನ್ ಹಾಕಿ ನೋಡಿದ್ರು. ಹಾಕಿದ್ದು ಹೋಗಬೇಕಾದ ಜಾಗಕ್ಕ ಮುಟ್ಟೇ ಇರಲಿಲ್ಲ ಅಂತ ತಡಾಗಿ ಗೊತ್ತಾತು. ಈಗ ಮತ್ತ ಬ್ಯಾರೆ ಪ್ರಯತ್ನ ನಡದಾವ. ಮುಂದ ಒಂದಿನ ಆಗಬಹುದು. ನಾ ಇಲ್ಲ ಅನ್ನಂಗಿಲ್ಲ. ಇಲ್ಲ ಅಂದ್ರ ನಾ ಇಲ್ಲಿ ಯಾಕ ಕುಂತಿರ್ತಿದ್ದೆ?"

"ನಮ್ಮ ಅಜ್ಜಿಗೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಅಜ್ಜಿಗೆ ಈ ವರ್ಷ ಕೊಡಾಕ ನನ್ನ ಹತ್ರ ಏನೂ ಇಲ್ಲವಾ."

ಹೊರಡುವಾಗ ಹಿಂದಿನಿಂದ ಕರೆದರು. "ದಿನಾ ನಡೆಸು. ಆಗೂದಾದ್ರ ಕುಣಿಸು. ಮೈ ಆಡಿದ್ರ ಪೋಷಕ ಒಂದೀಟು ಹೆಚ್ಚಾಗ್ತದ ಅನ್ನಾಕ ಪುರಾವೆ ಐತಿ. ಗುಣ ಆಗ್ತದಂತ ನಾ ಹೇಳಲಿಲ್ಲ, ನೆನಪಿರಲಿ."

ಹೀಗಾಗಿ ಶನಿವಾರ ಶನಿವಾರ ಊರಿಗೆ ಬಂದವಳೇ ಅಜ್ಜಿಯನ್ನು ನಡೆಸತೊಡಗಿದೆ. ಒಮ್ಮೊಮ್ಮೆ ಅತ್ತಿವೇರಿ ಕೆರೆಯ ತನಕ ಬಸ್ಸಿನಲ್ಲಿ ಹೋಗಿ ಏರಿಯ ಮೇಲೆ ಅಡ್ಡಾಡುತ್ತಿದ್ದೆವು. ಹಕ್ಕಿಗಳ ಹೆಸರೆಲ್ಲ ಅವಳಿಗೆ ಇನ್ನೂ ನೆನಪಿತ್ತು. ನನ್ನ ಹೆಸರು ಕೇಳಿದರೆ ಮಾತ್ರ ಅಕ್ಕನದೋ, ಎಂದೋ ತೀರಿಹೋದ ತನ್ನ ತಂಗಿಯದೋ ಬರುತ್ತಿತ್ತು. ಮನೆಯಲ್ಲಿ ನಮ್ಮ ಡಮಾಮಿ ಡೋಲು ಬಾರಿಸಿದರೆ ಈಗಲೂ ಹೆಜ್ಜೆ ತಪ್ಪುತ್ತಿರಲಿಲ್ಲ. ಹೆಜ್ಜೆ ಹಾಕುತ್ತ ಹಾಕುತ್ತ, "ಯಾರ ಮದವಿ ಇದು?" ಎಂದು ಕೇಳುವಳು.

ಕ್ರಿಸ್‌ಮಸ್ ರಜೆಗೆ ಬಂದಾಗ ಕೌದಿ ಮುಗಿದಿರುತ್ತದೆ ಎಂದುಕೊಂಡಿದ್ದೆ. ಕೊನೆಯ ತುಂಡು, ಅಪ್ಪನ ಖಾಕಿಯದು, ನಡುವಿನಲ್ಲಿ ಕೂತದ್ದನ್ನು ನಾನೇ ಹಿಂದಿನ ವಾರ ನೋಡಿದ್ದೆ. ಬೆಳಿಗ್ಗೆ ಅವ್ವ ಅದನ್ನು ಬಿಸಿಲಿಗೆ ಹಾಕಲು ಎತ್ತಹೋದಳು. ಎತ್ತಲು ಆಗಲಿಲ್ಲ. ಮತ್ತೆ ಎರಡೂ ಕೈ ಹಾಕಿ ಜಗ್ಗಿದಳು. ಕೌದಿಯ ನಡು ತುಂಬುಬಸುರಿಯ ಹೊಟ್ಟೆಯಂತೆ ಜೋತುಬಿತ್ತು. ಖಾಕಿ ತುಂಡಿನ ಒಂದು ಮೂಲೆ ಹರಿದು ಅಂಗಳದ ತುಂಬ ಅಕ್ಕಿ ಸುರಿಯಿತು. ಹೊಸ ಅಕ್ಕಿ, ಹಳೆಯ ಅಕ್ಕಿ, ನುಸಿ ಹಿಡಿದ ಅಕ್ಕಿ.

ರೆಜಿನಾ ತನ್ನ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನನಗಿಂತ ಮೊದಲು ಇದೇ ಹಡೀತಲ್ಲ ಯವ್ವಾ!"

ನೆರೆಮನೆಯ ಕಾಶೆವ್ವ, ಅಜ್ಜಿಯ ವಾರಗೆಯವಳು, ಬೇಲಿಯ ಮೇಲಿಂದ ಕತ್ತು ಚಾಚಿದಳು. "ಏ ಮಾರ್ಗರೀಟಾ, ಕೌದಿ ಹೊಲ್ಯಾಕತ್ತಿಯೋ ಸೊಸೈಟಿ ಗೋಡೌನು ಕಟ್ಟಾಕತ್ತಿಯೋ?"

"ನಿನ್ನ ಗಂಡಗ ಹೊಟ್ಟಿ ತುಂಬ ಹಾಕಿದ್ರ ಅವಾ ಇನ್ನೂ ಇರ್ತಿದ್ದ, ಹೋಗು," ಎಂದಳು ಅಜ್ಜಿ, ಮಿಂಚಿನಂತೆ. ಕಾಶೆವ್ವ ಬಿದ್ದು ಬಿದ್ದು ನಕ್ಕಳು.

ಅವ್ವ ಮಾತ್ರ ನಗಲಿಲ್ಲ. ಅಡಿಗೆಮನೆಯ ಅಕ್ಕಿ ಡಬ್ಬಿ ಯಾಕೆ ಬರಿದಾಗುತ್ತಿದೆ ಎಂಬುದು ಅವಳಿಗೆ ಈಗ ಗೊತ್ತಾಗಿತ್ತು. ಅಜ್ಜಿ ದಿನಾ ಹೊಟ್ಟೆ ಮುಚ್ಚುತ್ತಿದ್ದಳು. ಮುಚ್ಚಿ, ದಾರ ಕಡಿದು, ಮಡಿಸಿಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅನುಮಾನ ಹೊಗುತ್ತಿತ್ತು. ಉಣಿಸಿದೆನೋ ಇಲ್ಲವೋ? ಟಾಕಿ ಬಿಚ್ಚಿ, ಒಂದು ಹಿಡಿ ಹಾಕಿ, ಮತ್ತೆ ಹೊಲಿಯುವಳು. ಒಳಗೆ ಅಕ್ಕಿ ಇದ್ದದ್ದು ಕೈಗೆ ತಾಗಿದರೂ ಅದು ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ. ಬಿಚ್ಚಿ ಬಿಚ್ಚಿ ಖಾಕಿ ತುಂಡಿನ ಅಂಚು ಜರಡಿಯಾಗಿತ್ತು.

"ಸಾಕಿನ್ನ," ಎಂದಳು ಅವ್ವ. "ನಾನೇ ಹೊಲದು ಮುಗಸ್ತೇನಿ. ನಾಳೆ ಕೂಸಿನ ಹಾಸಗಿಯಾಗ ಸೂಜಿ ಬಿಟ್ಟಾಳಂದ್ರ?"

"ಅವ್ವಾ, ನಾ ಮಾತು ಕೊಟ್ಟೇನಿ."

"ಯಾರಿಗೆ ಕೊಟ್ಟಿ? ಅಕಿಗೆ ನೆನಪೈತೇನ? ಕೇಳು ಹೋಗು."

ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅವ್ವ ಸೂಜಿ ದಾರದ ಡಬ್ಬಿಯನ್ನು ಒಯ್ದು ಅಟ್ಟದ ಮೇಲಿಟ್ಟಳು. ಹೆರಿಗೆಯಾಗುವ ತನಕ ಕೌದಿಯನ್ನು ಹಾಗೇ ಇಡುವುದು, ಅಷ್ಟರೊಳಗೆ ಮುದುಕಿಯ ಕೈಯಲ್ಲಿ ಮುಗಿಸಿದರೆ ಸರಿ, ಇಲ್ಲದಿದ್ದರೆ ತಾನೇ ಮುಚ್ಚುವುದು ಎಂದಳು. ಅಜ್ಜಿ ಆ ದಿನವೆಲ್ಲ ಕೌದಿಯ ತೆರೆದ ಹೊಟ್ಟೆಯ ಮೇಲೆ ಬೆರಳಾಡಿಸುತ್ತ, "ಹಸದೈತಿ, ಹಸದೈತಿ" ಎನ್ನುತ್ತ ಕೂತಳು. ಸಂಜೆಗೆ ಊಟವನ್ನೂ ಮಾಡಲಿಲ್ಲ.

ನಾನು ಉಪಾಯಗಳನ್ನು ಮಾಡಿದೆ. ಅವ್ವನನ್ನು ಬೇಡಿ ಡಬ್ಬಿ ಇಳಿಸಿ, ಹರಿದ ಖಾಕಿಯ ಜಾಗಕ್ಕೆ ಬೇರೆ ತುಂಡು ಕೊಟ್ಟು, ಅಜ್ಜಿ ಹೊಲಿದ ಮೇಲೆ ಅದರ ಮೇಲೆ ಕೆಂಪು ದಾರದ ಗಂಟು ಹಾಕಿದೆ. "ಕೆಂಪು ಗಂಟಿದ್ರ ಉಂಡೈತಿ ಅಂತ ತಿಳಿ." ಅಜ್ಜಿ ತಲೆಯಾಡಿಸಿದಳು. ಮಧ್ಯಾಹ್ನಕ್ಕೆ ಗಂಟು ಕಿತ್ತು ಕೈಯಲ್ಲಿ ಹಿಡಿದು, "ಯಾರಿದು ನನ್ನ ಕೌದಿಗೆ ದಾರ ಬಿಟ್ಟವರು?" ಎಂದು ಸಿಟ್ಟಿನಿಂದ ಕೇಳಿದಳು. ನೀನೇ ಉಣಿಸಿದ್ದಿ ಎಂದು ಬಾಯಲ್ಲಿ ಹೇಳಿದೆ. "ನೀ ಯಾರು ಹೇಳಾಕ? ನಾ ಉಣಿಸಿದ್ದು ನನಗ ಗೊತ್ತಿರಂಗಿಲ್ಲೇನ?" ಮತ್ತೆ ಬಿಚ್ಚಿದಳು. ಡಬ್ಬಿ ಮತ್ತೆ ಅಟ್ಟ ಹತ್ತಿತು.

ರಜೆ ಮುಗಿಸಿ ಧಾರವಾಡಕ್ಕೆ ಹೋದೆ. ಆ ವಾರ ನಾವು ಹೊಳೆಯುವ ಬಣ್ಣ ಹಚ್ಚಿದ ನರಪೋಷಕ, ನೂಲಿನಂಥ ನರತಂತುವಿನೊಳಗೆ ಹೇಗೆ ಸಾಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಿದ್ದೆವು. ಕತ್ತಲೆಯಲ್ಲಿ ಮಿಣುಕು ಚುಕ್ಕೆಗಳು. ಆರೋಗ್ಯವಂತ ಕೋಶದಲ್ಲಿ ಅವು ತುದಿಯಿಂದ ಹೊರಟು, ನಿಂತು ನಡೆದು, ಅಂತೂ ಕೋಶದ ಮನೆಗೆ ಬಂದು ಸೇರುತ್ತಿದ್ದವು. ಪಕ್ಕದ ತಟ್ಟೆಯಲ್ಲಿ ರೋಗದ ನಕಲು ಮಾಡಿದ ಕೋಶಗಳು. ಅಲ್ಲಿಯೂ ತುದಿಯಲ್ಲಿ ಚುಕ್ಕೆಗಳು ಧಾರಾಳವಾಗಿ ಇದ್ದವು. ಆದರೆ ಹೊರಟವು ನಡುದಾರಿಯಲ್ಲಿ ನಿಂತುಬಿಡುತ್ತಿದ್ದವು. ಒಂದರ ಹಿಂದೊಂದು ಬಂದು ಅಲ್ಲೇ ಗುಂಪಾಗಿ, ಹೊಳೆಯುತ್ತ, ಎಲ್ಲಿಗೂ ಹೋಗದೆ.

ದ್ರಾಕ್ಷಾಯಣಿ ಮೇಡಂ ನನ್ನ ಹೆಗಲ ಮೇಲಿಂದ ಬಾಗಿ ನೋಡಿದರು. "ನೋಡಿದೇನ? ಈ ಬ್ಯಾನಿಯಾಗ ಅಕ್ಕಿ ಕಡಿಮಿ ಆಗೂದೊಂದು. ಎಷ್ಟೋ ಕಡೆ ಅಕ್ಕಿ ಇರ್ತದ, ಹಿಂದಕ್ಕ ಬರೂ ದಾರಿ ಕೆಟ್ಟಿರ್ತದ. ತುದಿಯಾಗ ರಾಶಿ ಬಿದ್ದಿದ್ರೂ ಕೋಶ ಹಸದು ಸಾಯ್ತದ." ನನ್ನ ಕತೆಯನ್ನು ಅವರಿಗೂ ಹೇಳಿದ್ದೆ. ಈಗ ಅವರೂ ಅಕ್ಕಿ ಎನ್ನುತ್ತಿದ್ದರು.

ನನಗೆ ಅಂಗಳದ ತುಂಬ ಸುರಿದ ಅಕ್ಕಿ ಕಂಡಿತು. ಹೊಟ್ಟೆಯ ತುಂಬ ಇದ್ದೂ ಹಸಿದ ಕೌದಿ. ಅಜ್ಜಿ ಉಣಿಸಲು ಮರೆತಿರಲಿಲ್ಲ. ಉಣಿಸಿದ ಸುದ್ದಿ ಅವಳ ಬಳಿಗೆ ಹಿಂದಿರುಗಿ ಬರುತ್ತಿರಲಿಲ್ಲ. ಬರಲಾರದ ಸುದ್ದಿಯನ್ನು ನಾನು ಗಂಟು ಹಾಕಿ, ಬಾಯಲ್ಲಿ ಹೇಳಿ, ಮತ್ತೆ ಮತ್ತೆ ಕಳಿಸುತ್ತಿದ್ದೆ. ಅದೆಲ್ಲ ನಡುದಾರಿಯಲ್ಲಿ ನಿಲ್ಲುವ ಚುಕ್ಕೆಯೇ.

"ಮೇಡಂ, ಕೈ ಕಲಿತದ್ದು ಯಾಕ ಮರಿಯಂಗಿಲ್ಲ? ಅಕಿ ಹೆಜ್ಜಿ ತಪ್ಪಂಗಿಲ್ಲ, ಟಾಕಿ ತಪ್ಪಂಗಿಲ್ಲ."

"ಅವು ಬ್ಯಾರೆ ಕಡೆ ಇರ್ತಾವ. ಕೈಯ ರೂಢಿ, ಹಳೇ ಭಯ, ಹಳೇ ಪ್ರೀತಿ. ಈ ಬ್ಯಾನಿ ಅಲ್ಲಿಗೆ ತಡಾಗಿ ಹೋಗ್ತದ."

ಹಳೆಯ ಭಯ. ನನ್ನ ಮುಂಗೈ ಚುರ್ ಎಂದಿತು. ಅಜ್ಜಿಯ ಪೆಟ್ಟು ಬಿದ್ದ ಜಾಗ.

ಕೂಸು ಮಲಗಿದ ಕೌದಿಗೆ ಸೂಜಿ ತಾಗಿಸಬಾರದು. ಅದು ಅವಳಿಗೆ ಯಾರೋ ಹೇಳಿದ ಸುದ್ದಿಯಾಗಿರಲಿಲ್ಲ. ಮೈಯೊಳಗೆ ಇಳಿದದ್ದು. ಆದರೆ ಹಸಿದ ಕೌದಿಯ ಮೇಲೆ ಕೂಸನ್ನು ಮಲಗಿಸುವಂತೆಯೂ ಇಲ್ಲ. ಹಾಗಾದರೆ ಒಂದೇ ದಾರಿ ಉಳಿಯಿತು. ಅವಳು ಕೊನೆಯ ಟಾಕಿ ಹಾಕಿ ದಾರ ಕಡಿದ ಕ್ಷಣವೇ, ಅನುಮಾನ ಬರುವ ಮೊದಲೇ, ಕೂಸನ್ನು ಅದರ ಮೇಲೆ ಮಲಗಿಸಬೇಕು. ಅಂದರೆ ಕೂಸು ಹುಟ್ಟುವ ತನಕ ಕಾಯಬೇಕು. ಅಷ್ಟು ದಿನ ಅಜ್ಜಿಯ ಕೈ ಕಾಯುತ್ತದೆಯೇ?

ಫೆಬ್ರುವರಿಯಲ್ಲಿ ರೆಜಿನಾ ಮುಂಡಗೋಡದ ದವಾಖಾನೆಯಲ್ಲಿ ಹೆಣ್ಣು ಹಡೆದಳು. ನಾನು ಊರಿಗೆ ಬರುವಷ್ಟರಲ್ಲಿ ತಾಯಿ ಮಗು ಮನೆ ಸೇರಿದ್ದರು. ಅಪ್ಪನೂ ಕುಳಗಿಯಿಂದ ಬಂದಿದ್ದ. ಅಜ್ಜಿ ಆ ಒಂದು ತಿಂಗಳಲ್ಲಿ ಬಹಳ ದೂರ ಹೋಗಿಬಿಟ್ಟಿದ್ದಳು. ನಡೆಯುತ್ತಿರಲಿಲ್ಲ. ಡಮಾಮಿಯ ಸದ್ದಿಗೆ ಕಾಲ್ಬೆರಳಷ್ಟೇ ಆಡುತ್ತಿತ್ತು. ಕೂಸನ್ನು ತೋರಿಸಿದರೆ, "ಯಾರದು? ಎತ್ಕೊಂಡು ಹೋಗ್ರಿ, ಅವರವ್ವ ಹುಡುಕ್ತಿರ್ತಾಳ" ಎಂದಳಂತೆ.

ನನ್ನ ಉಪಾಯ ಕೇಳಿ ಅವ್ವ ಕೆಂಡವಾದಳು. "ಸೂಜಿ ಹಿಡಿದ ಮುದುಕಿ ಮುಂದ ಎಳೀ ಕೂಸು? ನಿನಗೂ ಅಜ್ಜಿ ಬ್ಯಾನಿ ಬಂತೇನ?"

"ಸೂಜಿ ನಾ ಇಸಗೊಂಡ ಮ್ಯಾಲೇ ಕೂಸಿನ್ನ ಇಡೂಣು. ನೀನೇ ಎತ್ತಿಕೊಂಡು ನಿಲ್ಲು."

"ನಾನೇ ಹೊಲದ್ರ ಏನಾಗ್ತೈತಿ? ಬಟ್ಟಿಗೆ ಗೊತ್ತಾಗ್ತೈತೇನ?"

ಅಪ್ಪ ಒರಳುಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತದೆ ಹೇಳಿದ. "ನನ್ನ ಕೌದಿ ಹೊಟ್ಟಿ ಅಕಿನೇ ಮುಚ್ಚಿದ್ಲು. ಒಂದು ಸಲ ನೋಡೂಣು. ಆಗಲಿಲ್ಲಂದ್ರ ನೀ ಮುಚ್ಚು."

ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

ಪಡಸಾಲೆಯ ಬಿಸಿಲಲ್ಲಿ ಕೌದಿ ಹಾಸಿದೆ. ಅಜ್ಜಿಯನ್ನು ತಂದು ಕೂರಿಸಿದೆ. ಹೊಟ್ಟೆಯ ತುಂಡನ್ನು ಹೊಸದಾಗಿ ಕೊಟ್ಟಿದ್ದೆ, ಅದೂ ಅಪ್ಪನ ಖಾಕಿಯೇ, ಅಪ್ಪ ತನ್ನ ಒಳ್ಳೆಯ ಪ್ಯಾಂಟೊಂದನ್ನು ಕತ್ತರಿಸಿ ಕೊಟ್ಟದ್ದು. ಅಜ್ಜಿ ಕೌದಿಯನ್ನು ನೋಡಿದಳು. ಬೆರಳಿನಿಂದ ಟಾಕಿಯ ಸಾಲನ್ನು ಸವರಿದಳು.

"ಹೊಲಿಗಿ ಚೊಲೋ ಐತಿ," ಎಂದಳು. "ಯಾರ ಕೈ?"

"ನಿಂದಜ್ಜಿ."

"ಹುಚ್ಚಿ. ನನಗೆಲ್ಲಿ ಬರ್ತದ."

ಸೂಜಿಗೆ ದಾರ ಪೋಣಿಸಿ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದು, ಬಿಸಿಲಿಗೆ ತಿರುಗಿಸಿ, ಹೊಳೆಯುವುದನ್ನು ನೋಡಿ, ನನಗೇ ತಿರುಗಿ ಕೊಟ್ಟಳು. ಮತ್ತೆ ಕೊಟ್ಟೆ. ಈ ಸಲ ಬೆರಳಿನಿಂದ ಜಾರಿ ಬಿತ್ತು. ಬಾಗಿಲಲ್ಲಿ ಅವ್ವ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ರೆಜಿನಾ ಮುಖ ಆಚೆ ತಿರುಗಿಸಿದಳು. ಬೇಲಿಯಾಚೆ ಕಾಶೆವ್ವ ಬಂದು ನಿಂತಿದ್ದಳು. 

ನಾನು ತಡಮಾಡಿದೆ ಎಂದುಕೊಂಡೆ. ಹೊಲಿಯುವ ನೂಲುಗಾರನೂ ಮಲಗಿಬಿಟ್ಟ. ಕೊಟ್ಟ ಮಾತು ಬಸ್ಸಿನಲ್ಲೇ ಉಳಿಯಿತು.

ಮಣೆಯ ಮೇಲೆ ಅಕ್ಕಿ ಇತ್ತು. ಬೇರೇನೂ ತೋಚದೆ ಅಜ್ಜಿಯ ಅಂಗೈ ಅಗಲಿಸಿ ಅದರಲ್ಲಿ ಅಕ್ಕಿ ಸುರಿದೆ.

ಕಾಳು ತಾಗಿದ ಕೂಡಲೆ ಬೆರಳುಗಳು ಮುಚ್ಚಿಕೊಂಡವು. ಮುಷ್ಟಿಯಾಯಿತು. ಅಜ್ಜಿ ಮುಷ್ಟಿಯನ್ನು ನೋಡಿದಳು, ಅದು ತನ್ನದು ಹೌದೋ ಅಲ್ಲವೋ ಎಂಬಂತೆ. ಆ ಮುಷ್ಟಿ ನಿಧಾನವಾಗಿ ಕೌದಿಯ ನಡುವಿಗೆ ಹೋಯಿತು, ತೆರೆದ ಹೊಟ್ಟೆಯೊಳಗೆ ಇಳಿಯಿತು, ಬಿಚ್ಚಿತು. ಖಾಲಿಯಾದ ಕೈ ಹೊರಗೆ ಬಂದು ಗಾಳಿಯಲ್ಲಿ ಹಾಗೇ ನಿಂತಿತು, ಎರಡು ಬೆರಳು ಕೂಡಿಸಿ. ಏನೋ ಬೇಡುತ್ತಿತ್ತು. ನಾನು ಸೂಜಿಯನ್ನು ಆ ಬೆರಳುಗಳ ನಡುವೆ ಇಟ್ಟೆ.

ಅವಳು ಹೊಲಿದಳು. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಅಂಗಳದ ಕೋಳಿಯ ಮೇಲಿತ್ತು. ಕೈ ಮಾತ್ರ ಒಂದೊಂದೇ ಟಾಕಿ ಹಾಕುತ್ತ ಖಾಕಿ ತುಂಡಿನ ಸುತ್ತ ಹೊರಟಿತು. ಸಣ್ಣ ಟಾಕಿ, ಇರುವೆ ಸಾಲು. ಮೊದಲ ಮೂಲೆಯಲ್ಲಿ ಸಾಲು ಸೊಟ್ಟಗಾಯಿತು. ಕೈ ತಾನೇ ಹಿಂದಕ್ಕೆ ಬಂದು ಸರಿಮಾಡಿತು. ಅಪ್ಪ ಬೂಟು ಕೈಯಲ್ಲೇ ಹಿಡಿದು ಕೂತಿದ್ದ.  ಕೊನೆಯ ಮೂಲೆ ಮುಗಿಯಿತು. ಅಜ್ಜಿ ಬಾಗಿ, ಉಳಿದ ಹಲ್ಲುಗಳಲ್ಲಿ ದಾರ ಹಿಡಿದು, ಕಟ್ಟನೆ ಕಡಿದಳು.

"ಅವ್ವಾ, ತಗೊಂಡು ಬಾ," ಎಂದೆ.

ಸೂಜಿಯನ್ನು ಇಸಿದುಕೊಂಡೆ. ಅವ್ವ ಬಾಗಿಲಿನಿಂದ ಬಂದಳು. ಕಣ್ಣು ಒದ್ದೆಯಾಗಿತ್ತು, ಆದರೂ ಗೊಣಗುವುದನ್ನು ಬಿಡಲಿಲ್ಲ. "ಬಿಸಿಲು ಮಾರಿಗೆ ಬೀಳ್ತೈತಿ, ಆ ಕಡೆ ಸರಸ್ರಿ." ಕೌದಿಯ ನಡುವಿಗೆ, ಅಕ್ಕಿಯ ಮೇಲೆ, ಕೂಸನ್ನು ಇಳಿಸಿದಳು. ಅದು ಒಮ್ಮೆ ಮುಖ ಕಿವುಚಿತು, ಎರಡೂ ಮುಷ್ಟಿ ಎತ್ತಿತು, ಹಾಗೇ ನಿದ್ದೆಯಲ್ಲಿ ಮುಂದುವರಿಯಿತು.

ನಾವು ಕಾದೆವು.

ಅಜ್ಜಿಯ ದೃಷ್ಟಿ ಕೋಳಿಯನ್ನು ಬಿಟ್ಟು ಕೌದಿಗೆ ಬಂತು. ಆ ಅನುಮಾನ ಅವಳ ಹಣೆಯ ಮೇಲೆ ಏರುವುದನ್ನು ನಾನು ಕಂಡೆ. ಗುರುತು ಹಿಡಿಯುವಷ್ಟು ಸಲ ನೋಡಿದ್ದೆ. ತುಟಿ ಆಡಿತು. "ಇದಕ್ಕ ಉಣಿಸೇನೋ ಇಲ್ಲೋ..." ಕೈ ನಡುವಿನ ತುಂಡನ್ನು ಹುಡುಕುತ್ತ ಮುಂದೆ ಬಂತು, ಬೆರಳ ತುದಿಗಳು ಟಾಕಿ ಬಿಚ್ಚಲು ಬಾಗಿದ್ದವು. ಅವು ಕೂಸಿನ ಬೆಚ್ಚಗಿನ ಮಗ್ಗುಲಿಗೆ ತಾಗಿದವು.

ಕೈ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು, ಏರುತ್ತ ಇಳಿಯುತ್ತ, ಕೂಸಿನ ಉಸಿರಿನ ಜೊತೆ. ಆಮೇಲೆ ಹಿಂದಕ್ಕೆ ಬಂದು ಅವಳ ತೊಡೆಯ ಮೇಲೆ ಕೂತಿತು. ಅಜ್ಜಿ ನನ್ನತ್ತ ನೋಡಿದಳು. ನಾನು ಯಾರೆಂದು ತಿಳಿದಿತ್ತೋ ಇಲ್ಲವೋ, ನನ್ನ ಕೈಯಲ್ಲಿದ್ದ ಸೂಜಿ ಮಾತ್ರ ಅವಳಿಗೆ ಕಂಡಿತ್ತು.

"ಅದನ್ನ ಡಬ್ಬಿಯಾಗ ಇಡು," ಎಂದಳು ಮೆಲ್ಲಗೆ. "ಕೂಸು ಮಲಗೇತಿ."

ನಾನು ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.